ಕೆಲಸ ಬಿಡುವ ಮುಂಚೆ ಈ ಪತ್ರ ಓದು

ಕೊಪ್ಪಳ
ಡಿಸೆಂಬರ್ ಮೊದಲ ವಾರ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ನಿನ್ನ ಅಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ನೀನು ಗಂಗಾವತಿಯ ಮಿಲ್ಲಿನ ಲೆಕ್ಕ ಬರೆಯೋ ಕೆಲಸ ಬಿಡ್ತೀಯಂತೆ. ಸಾಲ ಮಾಡಿ ದೊಡ್ಡ ಕ್ಯಾಮೆರಾ ತಗೊಂಡು, ಆನ್‌ಲೈನ್‌ನಲ್ಲಿ ಫೋಟೋ ಮಾರಿ ಬದುಕ್ತೀನಿ ಅಂದಿದ್ದೀಯಂತೆ. ಅವನು ಸಿಟ್ಟಿನಲ್ಲಿದ್ದ. ನನಗೆ ಸಿಟ್ಟು ಬರಲಿಲ್ಲ. ನಿದ್ದೆಯೂ ಬರಲಿಲ್ಲ. ನೀನು ಹೊರಟ ದಾರಿಯಲ್ಲಿ ನಾನು ಎಂಟು ವರ್ಷ ನಡೆದಿದ್ದೇನೆ. ಫೋನ್‌ನಲ್ಲಿ ಹೇಳಿದರೆ ನೀನು "ಹೂಂ ಅತ್ತೆ, ಹೂಂ ಅತ್ತೆ" ಅಂದುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸ್ಟುಡಿಯೋ ನಿನಗೆ ನೆನಪಿದೆ ಅಲ್ವಾ? ನಿನ್ನ ಮಾವ ಫೋಟೋ ತೆಗೆಯೋರು, ನಾನು ಆಲ್ಬಮ್ ಕೂಡಿಸುತ್ತಿದ್ದೆ. ಮದುವೆ ಸೀಸನ್‌ನಲ್ಲಿ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಪಾಸ್‌ಪೋರ್ಟ್ ಫೋಟೋಗೆ ಬರುವವರೂ ಕಡಿಮೆಯಾದರು. ನಿನ್ನ ಮಾವ ಹೋದ ಮೇಲೆ ಅಂಗಡಿ ಬಾಡಿಗೆ ಕಟ್ಟೋಕೆ ಆಗದೆ ಬಾಗಿಲು ಹಾಕಿದೆ. ಕ್ಯಾಮೆರಾ ಮಾತ್ರ ಮಾರಲಿಲ್ಲ. ಆಗ ಹಿಡಿದಿದ್ದು ಈ ಸ್ಟಾಕ್ ಫೋಟೋ ಕೆಲಸ. ತೆಗೆದ ಫೋಟೋಗಳನ್ನು ಆನ್‌ಲೈನ್ ಕಂಪನಿಗೆ ಕಳಿಸೋದು, ಅವರು ನೋಡಿ ಪಾಸು ಮಾಡಿದ್ದನ್ನು ಬೇಕಾದವರು ದುಡ್ಡು ಕೊಟ್ಟು ಬಳಸಿಕೊಳ್ಳೋದು, ಅದರಲ್ಲಿ ನಮಗೊಂದು ಪಾಲು.

ನನ್ನ ಲೆಕ್ಕದ ನೋಟ್‌ಬುಕ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೊದಲ ವರ್ಷ ಕಳಿಸಿದ ಫೋಟೋ 412. ಪಾಸಾಗಿದ್ದು 260. ಅದರಲ್ಲಿ ಯಾರಾದರೂ ಕೊಂಡಿದ್ದು 19 ಫೋಟೋ ಮಾತ್ರ. ಖಾತೆಯಲ್ಲಿ 25 ಡಾಲರ್ ತುಂಬಿದ ಮೇಲೇ ದುಡ್ಡು ತೆಗೆಯೋಕೆ ಆಗೋದು. ಅಷ್ಟು ತುಂಬಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಈಗ ಖಾತೆಯಲ್ಲಿ 2,300 ಫೋಟೋ ಇವೆ. ತಿಂಗಳಿಗೆ ಸರಾಸರಿ ಒಂದೂವರೆ ಸಾವಿರ ರೂಪಾಯಿ ಬರುತ್ತದೆ. ಒಮ್ಮೆ ನಾಲ್ಕು ಸಾವಿರ ಬಂದಿತ್ತು. ಇನ್ನೊಂದು ತಿಂಗಳು ನೂರಾ ಎಂಬತ್ತು. ನಿನ್ನ ಕ್ಯಾಮೆರಾದ ಕಂತು ತಿಂಗಳಿಗೆ ಎಷ್ಟು ಬೀಳುತ್ತೆ, ಕೂಡಿಸಿ ನೋಡು. ಲೆಕ್ಕ ನಿನಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ಕಡಿಮೆ ಯಾಕೆ ಅಂತ ಕೇಳ್ತೀಯ. ಕೊಳ್ಳುವವರು ಒಂದೊಂದೇ ಫೋಟೋ ಕೊಳ್ಳೋದಿಲ್ಲ. ಹೆಚ್ಚಿನವರು ತಿಂಗಳ ಚಂದಾ ಕಟ್ಟಿ, ಒಟ್ಟಿಗೆ ಬೇಕಾದಷ್ಟು ಇಳಿಸಿಕೊಳ್ಳುತ್ತಾರೆ. ಆ ಚಂದಾ ಹಣ ಹಂಚಿ ಹಂಚಿ ನಮ್ಮ ಪಾಲಿಗೆ ಚಿಲ್ಲರೆ ಬರುತ್ತದೆ. ಫೋಟೋ ಮಾರುವ ಕಂಪನಿಗಳಲ್ಲಿ ಅಡೋಬಿ ಸ್ಟಾಕ್ ಅನ್ನೋದು ಮಾರಿದ ಬೆಲೆಯಲ್ಲಿ ನಮಗೆ 33 ಪರ್ಸೆಂಟ್ ಕೊಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಚಂದಾದಾರರು ಇಳಿಸಿದ ಫೋಟೋಗೆ ಬರೋದು ಹೆಚ್ಚಾಗಿ ಮೂವತ್ತು ಚಿಲ್ಲರೆ ಸೆಂಟ್. ಶಟರ್‌ಸ್ಟಾಕ್ ಅನ್ನೋ ಇನ್ನೊಂದು ಕಂಪನಿ 2020ರ ಜೂನ್‌ನಲ್ಲಿ ಲೆಕ್ಕ ಬದಲಿಸಿತು. ಎಷ್ಟು ಮಾರಾಟ ಆಯಿತು ಅನ್ನೋದರ ಮೇಲೆ 15ರಿಂದ 40 ಪರ್ಸೆಂಟ್‌ವರೆಗೆ ಮೆಟ್ಟಿಲು ಇಟ್ಟಿತು. ಜನವರಿ 1 ಬಂದರೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಒಂದು ಫೋಟೋಗೆ ಕಡಿಮೆ ಅಂದರೆ 10 ಸೆಂಟ್. ನಮ್ಮ ದುಡ್ಡಿನಲ್ಲಿ ಎಂಟೊಂಬತ್ತು ರೂಪಾಯಿ. ಒಂದು ಪ್ಲೇಟ್ ಒಗ್ಗರಣೆ ಮಿರ್ಚಿಯೂ ಬರೋದಿಲ್ಲ ಪುಟ್ಟಿ.

ಇದರ ಮೇಲೆ ಪುಕ್ಕಟೆ ಫೋಟೋ ಬೇರೆ. ಅನ್‌ಸ್ಪ್ಲಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಅಂತ ಇವೆ. ಅಲ್ಲಿ ಒಳ್ಳೊಳ್ಳೆ ಫೋಟೋಗಳನ್ನು ದುಡ್ಡಿಲ್ಲದೆ ಕೊಡುತ್ತಾರೆ. ಚಹಾ ಕಪ್ಪು, ಸೂರ್ಯಾಸ್ತ, ಮಳೆಹನಿ ಬಿದ್ದ ಎಲೆಗೆ ಇನ್ನು ಯಾರು ದುಡ್ಡು ಕೊಡ್ತಾರೆ? ಈಗ ಕಂಪ್ಯೂಟರೇ ಫೋಟೋ ಮಾಡುತ್ತದೆ. 2022ರ ಡಿಸೆಂಬರ್‌ನಿಂದ ಅಡೋಬಿ ಅಂಥ ಎಐ ಚಿತ್ರಗಳನ್ನೂ ಮಾರಾಟಕ್ಕೆ ತಗೊಳ್ಳುತ್ತಿದೆ. ನೀನು ಬೆಳಗಿನ ಐದಕ್ಕೆ ಎದ್ದು ಅಂಜನಾದ್ರಿ ಮೆಟ್ಟಿಲು ಹತ್ತಿ ಹಿಡಿದ ಸೂರ್ಯನನ್ನು ಇನ್ನೊಬ್ಬ ಕುರ್ಚಿಯಲ್ಲಿ ಕೂತು ಮಾಡಿಬಿಡ್ತಾನೆ.

ನಿನ್ನ ಅಪ್ಪ ನೀನು ಹಂಪಿಯಲ್ಲಿ ತೆಗೆದ ಫೋಟೋಗಳನ್ನು ಕಳಿಸಿದ್ದ. ಕಲ್ಲಿನ ರಥ ಚೆನ್ನಾಗಿ ಬಂದಿದೆ, ಸುಳ್ಳು ಹೇಳೋದಿಲ್ಲ. ಆದರೆ ಆ ರಥ 50 ರೂಪಾಯಿ ನೋಟಿನ ಮೇಲೇ ಇದೆ. ಬಂದವರೆಲ್ಲ ಅದನ್ನೇ ತೆಗೆಯುತ್ತಾರೆ, ಅದೇ ಜಾಗದಲ್ಲಿ ನಿಂತು. ನಮ್ಮ ಕಡೆ ಒಂದು ಮಾತಿದೆ, ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅಂತ. ಫೋಟೋದವರಿಗೇ ಹೇಳಿದ ಹಾಗಿದೆ. ನನ್ನ ಖಾತೆಯಲ್ಲಿ ಹಂಪಿಯ ಫೋಟೋ ನೂರಕ್ಕೂ ಹೆಚ್ಚಿವೆ. ಎಲ್ಲ ಸೇರಿ ತಂದ ದುಡ್ಡಿಗಿಂತ ಇಟಗಿಯ ಮಹಾದೇವ ದೇವಸ್ಥಾನದ ಒಂದು ಕಂಬ ಜಾಸ್ತಿ ತಂದಿದೆ. 1112ರಲ್ಲಿ ಕಟ್ಟಿದ್ದು ಅದು. ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ. ಕುಕನೂರಿನ ಪಕ್ಕದಲ್ಲೇ ಇದೆ, ನೋಡುವವರು ಕಡಿಮೆ. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಲ್ಲಿನ ಸಮಾಧಿಗಳಿವೆ. ನಿನ್ನ ಗಂಗಾವತಿಗೆ ಹತ್ತಿರ. ಹೋಗಿದ್ದೀಯಾ?

ಫೋಟೋ ವಾಪಸ್ ಬರೋದರ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಮೊದಲ ತಿಂಗಳೇ ಮನಸ್ಸು ಮುರಿಯುತ್ತೆ. ಕಾಲುವೆ ನೀರು ಬಿಟ್ಟಾಗ ಒಮ್ಮೆ ಭತ್ತದ ನಾಟಿ ತೆಗೆದಿದ್ದೆ. ಏಳು ಜನ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿದ್ದಾರೆ. ಸೀರೆ ಮೊಣಕಾಲಿಗೆ ಸಿಕ್ಕಿಸಿದ್ದಾರೆ. ಕೆಸರು ನೀರಿನಲ್ಲಿ ಮೋಡ ಕಾಣುತ್ತಿದೆ. ಮೂರನೆಯವಳು ಸಸಿ ಊರುವ ಕ್ಷಣ, ಬೆರಳು ಅರ್ಧ ನೀರಿನೊಳಗೆ. ನನಗೆ ಬಹಳ ಇಷ್ಟವಾದ ಫೋಟೋ. ವಾಪಸ್ ಬಂತು. ಯಾಕೆ ಅಂತ ಎರಡು ದಿನ ತಿಳಿಯಲಿಲ್ಲ. ದೊಡ್ಡದು ಮಾಡಿ ನೋಡಿದೆ. ಬದುವಿನ ಮೇಲೆ ಒಂದು ಗೊಬ್ಬರದ ಚೀಲ, ಅದರ ಮೇಲೆ ಕಂಪನಿಯ ಗುರುತು. ಹೆಬ್ಬೆರಳಿನ ಉಗುರಿನಷ್ಟು ಜಾಗ. ಅದನ್ನು ಅಳಿಸಿ ಮತ್ತೆ ಕಳಿಸಿದೆ. ಆಗ ಆ ಹೆಣ್ಣುಮಕ್ಕಳ ಒಪ್ಪಿಗೆ ಪತ್ರ ಎಲ್ಲಿ ಅಂದರು. ಗುರುತು ಸಿಗುವ ಮುಖ ಇದ್ದರೆ, ಜಾಹೀರಾತಿಗೆ ಮಾರಲು ಪ್ರತಿಯೊಬ್ಬರ ಸಹಿ ಬೇಕು. ಏಳು ಜನರನ್ನು ಹುಡುಕಿಕೊಂಡು ಮೂರು ಊರು ಸುತ್ತಿದೆ. ಸಹಿ ಇಲ್ಲದಿದ್ದರೆ ಎಡಿಟೋರಿಯಲ್ ಅಂತ ಕೊಡಬಹುದು. ಆಗ ಪತ್ರಿಕೆ, ಪುಸ್ತಕಗಳಿಗೆ ಮಾತ್ರ ಹೋಗುತ್ತೆ. ಎಲ್ಲಿ ತೆಗೆದದ್ದು, ಯಾವತ್ತು ಅಂತ ಸರಿಯಾಗಿ ಬರೆಯಬೇಕು. ಗವಿಮಠದ ಜಾತ್ರೆಯ ಜನಸಾಗರ ತೆಗೆದರೆ ಅದು ಎಡಿಟೋರಿಯಲ್ಲೇ. ಅಷ್ಟು ಜನರ ಸಹಿ ಯಾರು ತರ್ತಾರೆ!

ಈ ಸಹಿಯ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ.

ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರ ಮನೆಯೊಂದಕ್ಕೆ ಹೋಗುತ್ತಿದ್ದೆ. ಮನೆಯ ಅಜ್ಜನಿಗೆ ಎಪ್ಪತ್ತು ದಾಟಿತ್ತು. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮರದ ಪುಡಿ ಕಲಸಿ ಮೆತ್ತಿ, ಒಣಗಿಸಿ, ಬಣ್ಣ ಹಚ್ಚುತ್ತಾರೆ. ಗೌರಿಯ ಕಣ್ಣು ಎಲ್ಲಕ್ಕಿಂತ ಕೊನೆಗೆ. ಅವರು ಉಸಿರು ಹಿಡಿದು, ಎಡಗೈ ಮೇಲೆ ಬಲಗೈ ಊರಿ, ಒಂದೇ ಎಳೆತದಲ್ಲಿ ರೆಪ್ಪೆ ಬರೆಯೋರು. ಆ ಕೈಯ ಫೋಟೋ ತೆಗೆದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. "ಸುಮ್ನೆ ಒಂದು ಕಾಗದ ಅಜ್ಜ, ಸಹಿ ಮಾಡಿ" ಅಂದೆ. ಏನು ಬರೆದಿದೆ ಅಂತ ಓದಿ ಹೇಳಲಿಲ್ಲ. ಅವರೂ ಕೇಳಲಿಲ್ಲ. ನಂಬಿದ್ದರು.

ಎರಡು ವರ್ಷದ ನಂತರ ಅವರ ಮೊಮ್ಮಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ನೋಡಿದ. ಯಾವುದೋ ಎಣ್ಣೆಯದು. ಅಜ್ಜನದೇ ಫೋಟೋ. ಮೇಲೆ 'ವಯಸ್ಸಾಯಿತೇ? ಕೈ ನಡುಗುತ್ತಿದೆಯೇ?' ಅಂತ ಬರೆದಿತ್ತು. ನಾನು ಮತ್ತೆ ಹೋದಾಗ ಅಜ್ಜ ಬೈಯಲಿಲ್ಲ. ಚಹಾ ಕೊಡಿಸಿದರು. ಆಮೇಲೆ ತಮ್ಮ ಬಲಗೈ ನನ್ನ ಮುಂದೆ ಚಾಚಿ, "ಈ ಕೈ ಯಾವತ್ತು ನಡುಗೇತಿ ತಂಗಿ?" ಅಂತ ಕೇಳಿದರು.

ಆ ಮಾರಾಟದಿಂದ ನನಗೆ ಬಂದಿದ್ದು ಮೂವತ್ತು ರೂಪಾಯಿ. ಮನೆಗೆ ಬಂದವಳೇ ಆ ಫೋಟೋ ತೆಗೆದುಹಾಕಿದೆ. ಅದರಿಂದ ಪ್ರಯೋಜನವಾಗಲಿಲ್ಲ. ಆಗಲೇ ಕೊಂಡವರ ಹಕ್ಕು ಹಾಗೇ ಉಳಿಯುತ್ತದೆ. ನಾವು ಫೋಟೋ ಒಮ್ಮೆ ಬಿಟ್ಟರೆ ಅದು ಯಾರ ಕೈಗೆ ಹೋಯಿತು, ಯಾವ ಮಾತಿನ ಕೆಳಗೆ ಕೂತಿತು ನಮಗೆ ತಿಳಿಯೋದಿಲ್ಲ. ಆದ್ದರಿಂದ ಸಹಿ ಕೇಳುವಾಗ ಕನ್ನಡದಲ್ಲಿ ಕೂತು ಹೇಳು. ಇದು ಜಾಹೀರಾತಿಗೆ ಹೋಗಬಹುದು, ಯಾವ ಜಾಹೀರಾತು ಅಂತ ನನಗೂ ಗೊತ್ತಾಗಲ್ಲ, ಆಮೇಲೆ ವಾಪಸ್ ತರೋಕೆ ಆಗಲ್ಲ ಅಂತ. ಬೇಡ ಅಂದರೆ ಬೇಡ. ಮಕ್ಕಳ ಫೋಟೋ ಅಂತೂ ಅವರ ಅಪ್ಪ ಅಮ್ಮ ಎಷ್ಟೇ ಹೂಂ ಅಂದರೂ ಮಾರಬೇಡ. ಇದು ನನ್ನ ಮಾತು, ಕಂಪನಿಯ ನಿಯಮ ಅಲ್ಲ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ಖಾತೆ ತೆರೆದ ಕೂಡಲೇ ಡಬ್ಲ್ಯೂ-8ಬೆನ್ ಅನ್ನೋ ಅಮೆರಿಕದ ತೆರಿಗೆ ಫಾರ್ಮ್ ತುಂಬು, ನಿನ್ನ ಪ್ಯಾನ್ ನಂಬರ್ ಹಾಕು. ತುಂಬಿದರೆ ಅಮೆರಿಕದಲ್ಲಿ ಆದ ಮಾರಾಟಕ್ಕೆ 15 ಪರ್ಸೆಂಟ್ ತೆರಿಗೆ ಹಿಡಿಯುತ್ತಾರೆ, ಇಲ್ಲದಿದ್ದರೆ 30. ಡಾಲರ್ ರೂಪಾಯಿ ಆಗುವಾಗ ನಡುವೆ ಸ್ವಲ್ಪ ಸೋರುತ್ತದೆ. ಪದೇ ಪದೇ ತೆಗೆಯಬೇಡ, ಸೇರಿಸಿ ತೆಗೆ. ಬಂದ ದುಡ್ಡನ್ನು ಇಲ್ಲಿಯ ಆದಾಯ ತೆರಿಗೆ ಲೆಕ್ಕದಲ್ಲೂ ತೋರಿಸು. ಹಳೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆಯ ಪರ್ಮಿಷನ್ ಬೇಕು. ಕೇಳದೆ ಇಡಬೇಡ.

ಈಗ ಹೊಸ ಕ್ಯಾಮೆರಾ. ಬೇಡ ಪುಟ್ಟಿ. ಸ್ಟಾಕ್‌ಗೆ 4 ಮೆಗಾಪಿಕ್ಸೆಲ್ ಇದ್ದರೆ ಸಾಕು. ನಿನ್ನ ಹತ್ತಿರ ಇರುವ ಹಳೆ ಕ್ಯಾಮೆರಾ ಅದಕ್ಕಿಂತ ಎಷ್ಟೋ ಪಾಲು ಮೇಲಿದೆ. ಕೊಳ್ಳುವವರು ನೋಡೋದು ಬೇರೆ. ಅಕ್ಷರ ಹಾಕಲು ಒಂದು ಕಡೆ ಖಾಲಿ ಜಾಗ ಇದೆಯಾ, ಹಬ್ಬದ ಫೋಟೋ ಹಬ್ಬಕ್ಕೆ ಎರಡು ಮೂರು ತಿಂಗಳು ಮೊದಲೇ ಸಿಗುತ್ತಾ, ಹುಡುಕಿದಾಗ ಎದುರಿಗೆ ಬರುತ್ತಾ. ಕೀವರ್ಡ್, ಅಂದರೆ ಹುಡುಕುವವರಿಗೆ ಫೋಟೋ ಸಿಗೋ ಹಾಗೆ ಅದರ ಜೊತೆ ಬರೆಯುವ ಪದಗಳು, ಹಾಕೋಕೆ ಬೇಜಾರು ಮಾಡಬೇಡ. ನಾನು ಮೊದಲು 'ಹೆಂಗಸು, ಹೊಲ, ಹಸಿರು' ಅನ್ನೋ ಥರ ಹಾಕುತ್ತಿದ್ದೆ. ಯಾರಿಗೂ ಸಿಗುತ್ತಿರಲಿಲ್ಲ. ನಾಟಿ, ಸಸಿ, ಕಾಲುವೆ ನೀರಾವರಿ, ಕೊಪ್ಪಳ, ಕರ್ನಾಟಕ ಅಂತ ಇಂಗ್ಲಿಷಿನಲ್ಲಿ ಸರಿಯಾಗಿ ಹಾಕಿದ ಮೇಲೆ ಅದೇ ಫೋಟೋ ಮಾರಾಟವಾಯಿತು.

ನಿನ್ನ ಮಿಲ್ಲಿನ ಬಗ್ಗೆ ನೀನು ಯೋಚನೆಯನ್ನೇ ಮಾಡಿಲ್ಲ ಅಂತ ನನಗೆ ಅನಿಸುತ್ತೆ. ದಲ್ಲಾಳಿ ಬಂದು ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಭತ್ತ ತೆಗೆಯುತ್ತಾನೆ. ಅಂಗೈ ಮೇಲೆ ಹಾಕಿ ಉಜ್ಜುತ್ತಾನೆ. ಬಾಯಿಂದ ಹೊಟ್ಟು ಊದುತ್ತಾನೆ. ಉಳಿದ ಅಕ್ಕಿಯಲ್ಲಿ ನುಚ್ಚು ಎಷ್ಟಿದೆ ಅಂತ ಬೆರಳಿನಿಂದ ಸರಿಸಿ ನೋಡುತ್ತಾನೆ. ಇದನ್ನು ನೀನು ದಿನಾ ನೋಡ್ತೀಯ. ಬೆಂಗಳೂರಿನಿಂದ ಎರಡು ದಿನಕ್ಕೆ ಬಂದು ಹೋಗುವ ಫೋಟೋಗ್ರಾಫರ್‌ಗೆ ಇದು ಸಿಗೋದಿಲ್ಲ. ಎಐ ಮಾಡಿದ ಚಿತ್ರದಲ್ಲಿ ಆ ನುಚ್ಚು ಸರಿಸುವ ಬೆರಳು ನಾನಂತೂ ನೋಡಿಲ್ಲ. ಮಾಲೀಕರ ಒಪ್ಪಿಗೆ ತಗೊಂಡು ಭಾನುವಾರ ಇಂಥದ್ದು ತೆಗೆ. ಈ ಕೆಲಸ ಬಿಟ್ಟರೆ ನಿನಗೆ ಆ ಬಾಗಿಲೂ ಮುಚ್ಚುತ್ತದೆ.

ಇನ್ನೊಂದು. ಗಂಗಾವತಿಯಲ್ಲಿ ಸೋನಾ ಮಸೂರಿ ಪ್ಯಾಕೆಟ್ ಮಾಡಿ ಮಾರುವವರು ಎಷ್ಟು ಜನ ಇದ್ದಾರೆ! ಅವರಿಗೆಲ್ಲ ಪ್ಯಾಕೆಟ್ ಮೇಲೆ ಹಾಕೋಕೆ, ವಾಟ್ಸಾಪ್‌ನಲ್ಲಿ ಕಳಿಸೋಕೆ ಫೋಟೋ ಬೇಕು. ಆನೆಗೊಂದಿಯ ಹೋಮ್‌ಸ್ಟೇಗಳಿಗೂ ಬೇಕು. ಹೋದ ವರ್ಷ ಒಬ್ಬ ಅಕ್ಕಿ ವ್ಯಾಪಾರಿಗೆ ಅರ್ಧ ದಿನ ಫೋಟೋ ತೆಗೆದುಕೊಟ್ಟೆ. ಆರು ಸಾವಿರ ಕೊಟ್ಟರು. ಸ್ಟಾಕ್‌ನಲ್ಲಿ ಅಷ್ಟು ಬರಲು ನನಗೆ ನಾಲ್ಕು ತಿಂಗಳು ಬೇಕು. ಕೊಳ್ಳುವವನ ಮುಖ ಕಾಣುತ್ತೆ, ಫೋಟೋ ಎಲ್ಲಿ ಹೋಯಿತು ಅಂತಲೂ ಗೊತ್ತಿರುತ್ತೆ. ಸ್ಟಾಕ್ ಅನ್ನೋದು ಅದರ ಪಕ್ಕದಲ್ಲಿ ನಿಧಾನವಾಗಿ ಬೆಳೆಯಲಿ. ಎರಡು ವರ್ಷ ಹೀಗೆ ಮಾಡು. ಫೋಟೋದಿಂದ ಬರುವ ದುಡ್ಡು ಆರು ತಿಂಗಳು ಬಿಡದೆ ನಿನ್ನ ಸಂಬಳದ ಹತ್ತಿರ ಬಂದರೆ, ಆಗ ಕೆಲಸ ಬಿಡುವ ಮಾತು ಎತ್ತು. ನಿನ್ನ ಅಪ್ಪನ ಹತ್ತಿರ ನಾನೇ ಮಾತಾಡ್ತೀನಿ. ನಿನ್ನ ಕಣ್ಣು ಒಳ್ಳೆಯದು ಅಂತ ನಿನ್ನೆಯೇ ಅವನಿಗೆ ಹೇಳಿದ್ದೇನೆ.

ಬರುವ ಶನಿವಾರ ಸಂಜೆ ಬಸ್ಸಿಗೆ ಬಾ. ಹಾರ್ಡ್ ಡಿಸ್ಕ್ ತಗೊಂಡು ಬಾ, ಇಬ್ಬರೂ ಕೂತು ಫೋಟೋ ಆರಿಸೋಣ. ರೊಟ್ಟಿ, ಶೇಂಗಾ ಚಟ್ನಿ ಮಾಡಿಡ್ತೀನಿ. ಭಾನುವಾರ ಬೆಳಿಗ್ಗೆ ಕಿನ್ನಾಳಕ್ಕೆ ಹೋಗಬೇಕು. ಅಜ್ಜನ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಇಟ್ಟಿದ್ದೇನೆ. ಮೂರು ತಿಂಗಳಾಯಿತು, ಕೊಡೋಕೆ ಒಬ್ಬಳೇ ಹೋಗುವ ಧೈರ್ಯ ಬಂದಿಲ್ಲ. ನೀನು ಜೊತೆಗಿದ್ದರೆ ಹೋಗ್ತೀನಿ.

ನಿನ್ನ
ಅತ್ತೆ