ರಿಪೀಟ್ ಮಾಡೋದಾ ಬೇಡ್ವಾ, ರಿಸಲ್ಟ್ ವಾರದಲ್ಲೇ ತೀರ್ಮಾನ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಡಾಕ್ಟರ್ ಓದೋಕೆ ಬರೆಯೋ ನೀಟ್ ಪರೀಕ್ಷೆ ರಿಸಲ್ಟ್ ಬಂದ ವಾರ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸ್ಟೇಷನ್ ಹೊರಗೆ ಎಲ್ಲಿ ನೋಡಿದ್ರೂ ರಿಪೀಟರ್ ಬ್ಯಾಚಿನ, ಅಂದ್ರೆ ಒಂದು ವರ್ಷ ಕೂತು ಮತ್ತೆ ಪರೀಕ್ಷೆ ಬರೆಯೋರ ಕೋಚಿಂಗಿನ ಬ್ಯಾನರ್. 2025ರಲ್ಲಿ ನನ್ನ ಮಗಳಿಗೆ 720ಕ್ಕೆ 468 ಬಂತು. ಊರಿಂದ ನಾದಿನಿ ಫೋನ್ ಮಾಡಿ, "ಹೋದ ವರ್ಷ ಪಕ್ಕದ್ಮನೆ ಹುಡುಗನಿಗೆ 620 ಬಂದ್ರೂ ಗೌರ್ಮೆಂಟ್ ಸೀಟ್ ಸಿಗ್ಲಿಲ್ಲ ಅತ್ತಿಗೆ, ನಿಮ್ದು ಕಷ್ಟ" ಅಂದ್ಲು. ನಾವು ಅದಕ್ಕೇ ಹೆದರಿ ನಾಲ್ಕೇ ದಿನದಲ್ಲಿ ಒಂದು ಕ್ಲಾಸಿಗೆ 25 ಸಾವಿರ ಅಡ್ವಾನ್ಸ್ ಕಟ್ಟಿಬಿಟ್ವಿ, ಆ ಡಿಸ್ಕೌಂಟ್ ಭಾನುವಾರದ ತನಕ ಮಾತ್ರ ಅಂದಿದ್ರು, ಮಗಳನ್ನ ಒಂದು ಮಾತೂ ಕೇಳ್ಲಿಲ್ಲ. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಆಮೇಲೆ ಗೊತ್ತಾಗಿದ್ದು, ನೀಟಲ್ಲಿ ಒಂದು ವರ್ಷದ ಮಾರ್ಕ್ಸನ್ನ ಇನ್ನೊಂದು ವರ್ಷದ್ದಕ್ಕೆ ಹೋಲಿಸೋಕೇ ಆಗಲ್ಲ ಅಂತ. 2024ರಲ್ಲಿ ಮೊದಲು 67 ಮಕ್ಕಳಿಗೆ 720ಕ್ಕೆ 720 ಬಂದಿತ್ತು, ಪರಿಷ್ಕರಿಸಿದ ಮೇಲೆ ಅದು 17ಕ್ಕೆ ಇಳೀತು. 2025ರಲ್ಲಿ ಫಿಸಿಕ್ಸ್ ಎಷ್ಟು ಕಷ್ಟ ಇತ್ತು ಅಂದ್ರೆ ಇಡೀ ದೇಶದ ಟಾಪರಿಗೇ 686, 650 ದಾಟಿದವರು 73 ಜನ ಅಷ್ಟೇ. ನೋಡಬೇಕಾಗಿದ್ದು ರ‍್ಯಾಂಕು, ನಾವು ಮಾರ್ಕ್ಸ್ ಹಿಡ್ಕೊಂಡು ಅಳ್ತಾ ಕೂತಿದ್ವಿ.

ಒಂದು ರಾತ್ರಿ ಊಟ ಆದ್ಮೇಲೆ ಮಗಳು ತಾನಾಗೇ ಪ್ರಶ್ನೆಪತ್ರಿಕೆ, ಓಎಂಆರ್ ಕಾಪಿ, ಆನ್ಸರ್ ಕೀ ಮೂರನ್ನೂ ಅಡುಗೆಮನೆ ನೆಲದ ಮೇಲೆ ಹರಡ್ಕೊಂಡು ಕೂತ್ಲು. 180 ಪ್ರಶ್ನೆಲಿ 8 ಬಿಟ್ಟಿದ್ಲು, 128 ಸರಿ, 44 ತಪ್ಪು; ಸರಿಗೆ ನಾಲ್ಕು ಮಾರ್ಕ್ಸ್, ತಪ್ಪಿಗೆ ಮೈನಸ್ ಒಂದು. ಆ 44ರ ಪಕ್ಕದಲ್ಲೂ ಕೆಂಪು ಪೆನ್ನಲ್ಲಿ ಒಂದೊಂದೇ ಬರೀತಾ ಹೋದ್ಲು: ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು 9, ಓದೇ ಇಲ್ಲದ್ದು 14, ಸುಮ್ನೆ ಅಂದಾಜಲ್ಲಿ ಗುಂಡು ಹೊಡೆದಿದ್ದು 21. ಆ 21ನ್ನ ಮುಟ್ಟದೇ ಬಿಟ್ಟಿದ್ರೆ ಮೈನಸ್ ಇಲ್ದೆ 489 ಆಗ್ತಿತ್ತು. ಆ 21 ಹೆಚ್ಚುಕಮ್ಮಿ ಎಲ್ಲ ಫಿಸಿಕ್ಸೇ. ಪೆನ್ ಕೆಳಗಿಟ್ಟು, "ಅಮ್ಮಾ, ಈ 9 ಸರಿ ಮಾಡ್ಕೋತೀನಿ, ಆ 14 ಓದ್ಕೋತೀನಿ, ಆದ್ರೆ ಇನ್ನೊಂದು ವರ್ಷ ಫಿಸಿಕ್ಸ್ ಮುಂದೆ ಕೂರೋಕೆ ನನ್ನಿಂದ ಆಗಲ್ಲ" ಅಂದ್ಲು. ಈಗ ಬಿಪಿಟಿ, ಅಂದ್ರೆ ಫಿಸಿಯೋಥೆರಪಿ ಡಿಗ್ರಿ ಓದ್ತಿದ್ದಾಳೆ, ಅದೂ ನೀಟ್ ಸ್ಕೋರಿನ ಮೇಲೇ ಸಿಕ್ಕಿದ್ದು. ಅದೇ 468 ಬಂದು ಆ 44ರಲ್ಲಿ ಮುಕ್ಕಾಲು ಭಾಗ ಅವಸರದ ತಪ್ಪೇ ಆಗಿದ್ದು, ಅವಳಿಗೂ ಆಸೆ ಇದ್ದಿದ್ರೆ ನಾನೇ ಮುಂದೆ ನಿಂತು ರಿಪೀಟ್ ಮಾಡಿಸ್ತಿದ್ದೆ, ರಿಪೀಟೇ ತಪ್ಪು ಅಂತ ನಾನು ಹೇಳ್ತಿಲ್ಲ.

ಇನ್ನೊಂದು ವಿಷಯ, ಐಐಟಿ ಸೇರೋಕೆ ಬರೆಯೋ ಜೆಇಇ ಅಡ್ವಾನ್ಸ್ಡ್ ಆದ್ರೆ ಸತತ ಎರಡು ವರ್ಷದಲ್ಲಿ ಎರಡೇ ಸಲ ಅಂತ ಅವರೇ ಗೆರೆ ಹಾಕಿದ್ದಾರೆ. ನೀಟಿಗೆ ಹಾಗಿಲ್ಲ, ಎಷ್ಟು ಸಲ ಬೇಕಾದ್ರೂ ಬರೀಬಹುದು, 2022ರಲ್ಲಿ ವಯಸ್ಸಿನ ಮಿತಿನೂ ತೆಗೆದ್ರು. ಹಾಗಾಗಿ ಎಷ್ಟು ಸಲ ಅನ್ನೋದನ್ನ ಶುರುವಲ್ಲೇ ಮನೇಲಿ ಕೂತು ಮಾತಾಡ್ಕೋಬೇಕು, ಮಗು ಎದುರಿಗೇ.

ನಮ್ಮವರು ಎಡವೋದು ಇನ್ನೊಂದು ಕಡೆ. ಕೋಚಿಂಗ್ ಚೆನ್ನಾಗಿರುತ್ತೆ ಅಂತ ಮಕ್ಕಳನ್ನ ಪಿಯುಸಿಗೆ ಕರ್ನಾಟಕದ ಮೂಡುಬಿದಿರೆ ಕಡೆ ಕಳಿಸ್ತಾರೆ. ಆದ್ರೆ ಇಲ್ಲಿನ 85 ಪರ್ಸೆಂಟ್ ರಾಜ್ಯ ಕೋಟಾಗೆ, ಅಂದ್ರೆ ಇಲ್ಲಿಯವರಿಗೇ ಮೀಸಲಾದ ಸೀಟುಗಳಿಗೆ, ಡೊಮಿಸೈಲ್ (ಇಲ್ಲಿನ ನಿವಾಸಿ ಅನ್ನೋ ಪ್ರಮಾಣಪತ್ರ) ಜೊತೆ ಹತ್ತು, ಹನ್ನೆರಡು ಎರಡೂ ಸಾಮಾನ್ಯವಾಗಿ ಮಹಾರಾಷ್ಟ್ರದಲ್ಲೇ ಪಾಸಾಗಿರ್ಬೇಕು. ಅದು ತಪ್ಪಿದ್ರೆ ಎಷ್ಟು ರಿಪೀಟ್ ಮಾಡಿದ್ರೂ ಆ ಕೋಟಾ ಕೈಗೆ ಬರಲ್ಲ, ಇದನ್ನ ಯಾವ ಕ್ಲಾಸಿನವರೂ ನಮಗೆ ಹೇಳ್ಲಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಸೀಟ್ ಹಂಚೋ ಕ್ಯಾಪ್ ರೌಂಡ್ ತಿಂಗಳುಗಟ್ಟಲೆ ನಡೆಯುತ್ತೆ, ಕಟ್-ಆಫ್ ರೌಂಡಿಂದ ರೌಂಡಿಗೆ ಬದಲಾಗುತ್ತೆ, ಇದೆಲ್ಲ ನನ್ನಂಥ ಕನ್ನಡ ಪೇಪರ್ ಮಾತ್ರ ಓದೋ ತಾಯಂದಿರಿಗೆ ಗೊತ್ತೇ ಇರಲ್ಲ. ರೌಂಡುಗಳ ತಾರೀಖು, ಡೊಮಿಸೈಲ್ ನಿಯಮ, ಬೇಕಾದ ಕಾಗದಪತ್ರ ಇಷ್ಟನ್ನ ವರ್ಷಕ್ಕೊಂದ್ಸಲ ಕನ್ನಡದಲ್ಲಿ ಹಾಕಿ. ರಿಸಲ್ಟಿಗೆ ಒಂದು ವಾರ ಮುಂಚೆನೇ ಹಾಕಿದ್ರೆ ತುಂಬಾ ಉಪಕಾರ ಆಗುತ್ತೆ.

ಇಂತಿ,
ಒಬ್ಬ ತಾಯಿ, ಡೊಂಬಿವಲಿ ಪೂರ್ವ