ವಾಪಸ್ ಪಡೆದ ಲೇಖನ ನಮ್ಮ ವರದಿಗಳಲ್ಲಿ ಇನ್ನೂ ಓಡಾಡುತ್ತಿದೆ

ಮಾನ್ಯ ಸಂಪಾದಕರೇ,

ಕಲಬುರಗಿಯ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಪ್ರಾಜೆಕ್ಟ್ ವರದಿಗಳು ಬೈಂಡಿಂಗ್‌ಗೆ ಹೋಗುವ ಮುಂಚೆ ನನ್ನ ಮೇಜಿಗೆ ಬರುತ್ತವೆ. ಈಚೆಗೆ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ದಡಾರದ ಲಸಿಕೆಗೆ ತಾಯಂದಿರು ಯಾಕೆ ಹಿಂಜರಿಯುತ್ತಾರೆ ಎಂದು ವರದಿ ಬರೆದು ತಂದಳು. ಆಳಂದದ ಕಡೆಯ ಹಳ್ಳಿಗಳಲ್ಲಿ ಓಡಾಡಿ, ಮನೆಮನೆ ಮಾತಾಡಿಸಿ ಮಾಡಿದ ಕೆಲಸ. ಆದರೆ ಒಂದು ಕಡೆ ಲಸಿಕೆಯಿಂದ ಆಟಿಸಂ ಬರಬಹುದು ಅಂತ ಬರೆದಿದ್ದಳು. ಆಧಾರ, ಲ್ಯಾನ್ಸೆಟ್ ಎಂಬ ಬ್ರಿಟನ್ನಿನ ವೈದ್ಯಕೀಯ ಜರ್ನಲ್‌ನ 1998ರ ಲೇಖನ.

ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಆ ಲೇಖನ ನಿಂತದ್ದು ಬರೀ 12 ಮಕ್ಕಳ ಮೇಲೆ. 2004ರಲ್ಲಿ ಸಹಲೇಖಕರಲ್ಲಿ ಹೆಚ್ಚಿನವರು ಅದರ ತೀರ್ಮಾನದಿಂದ ಹಿಂದೆ ಸರಿದರು. ಜರ್ನಲ್ ಅದನ್ನು ಪೂರ್ತಿ ವಾಪಸ್ ಪಡೆದದ್ದು, ಅಂದರೆ ಇದನ್ನು ನಂಬಬೇಡಿ ಎಂದು ಸಾರಿದ್ದು, 2010ರಲ್ಲಿ. ಹನ್ನೆರಡು ವರ್ಷ! ಅಷ್ಟರಲ್ಲಿ ಭಯ ದೇಶದೇಶ ಸುತ್ತಿ ಬಂದಿತ್ತು. ಲ್ಯಾನ್ಸೆಟ್ ಈಗ ಕೊಡುವ ಪ್ರತಿಯಲ್ಲಿ 'ರಿಟ್ರ್ಯಾಕ್ಟೆಡ್' (ವಾಪಸ್ ಪಡೆದದ್ದು) ಎಂದು ಕೆಂಪಕ್ಷರದಲ್ಲಿ ಅಡ್ಡಲಾಗಿ ಹಾಕಿದ್ದಾರೆ. ಈ ಹುಡುಗಿಯ ಪೆನ್‌ಡ್ರೈವ್‌ನಲ್ಲಿದ್ದ ಪಿಡಿಎಫ್‌ನಲ್ಲಿ ಆ ಗುರುತೇ ಇಲ್ಲ. ಸೀನಿಯರ್‌ಗಳ ಕೈಯಿಂದ ಕೈಗೆ ಬಂದ ಹಳೇ ಪ್ರತಿ ಅದು. ಗೈಡ್ ಸಹಿಯೂ ಆಗಿತ್ತು. ಹೇಳಿದ ಮೇಲೆ ಅವಳು ಆ ಭಾಗ ಹೊಸದಾಗಿ ಬರೆದಳು. ಆದರೆ ಅದೇ ಪಿಡಿಎಫ್ ಇನ್ನೆಷ್ಟು ಪೆನ್‌ಡ್ರೈವ್‌ಗಳಲ್ಲಿದೆಯೋ!

ಮನಸ್ಸು ಮಾಡಿದರೆ ವಾಪಸ್ ಪಡೆಯುವ ಕೆಲಸ ಬೇಗ ಆಗುತ್ತದೆ. 2020ರ ಮೇ 22ರಂದು ಅದೇ ಲ್ಯಾನ್ಸೆಟ್‌ನಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವ ಬಗ್ಗೆ ಲೇಖನ ಬಂತು. ಅದರ ಮೂಲ ಅಂಕಿಅಂಶ ಪರಿಶೀಲನೆಗೆ ಸಿಗಲಿಲ್ಲ. ಜೂನ್ 4ಕ್ಕೆ ಲೇಖನ ವಾಪಸ್ ಆಯಿತು.

ನಮ್ಮ ಕಡೆ ದುಡ್ಡು ತಗೊಂಡು ಅಚ್ಚು ಹಾಕುವ ಕೆಲವು ಜರ್ನಲ್‌ಗಳಿವೆಯಲ್ಲ, ಅವುಗಳದು ಬೇರೆಯೇ ಕಥೆ. ನನಗೆ ಗೊತ್ತಿರುವ ಮೇಷ್ಟ್ರೊಬ್ಬರ ಲೇಖನದಲ್ಲಿ ತೊಗರಿ ಇಳುವರಿಯ ಒಂದು ಕೋಷ್ಟಕದ ಎರಡು ಸಾಲು ಅದಲುಬದಲಾಗಿದ್ದವು. ಅವರೇ ಗಮನಿಸಿ, ತಿದ್ದುಪಡಿ ಹಾಕಿ ಅಂತ ಮೇಲಿಂದ ಮೇಲೆ ಮೇಲ್ ಬರೆದರು. ಉತ್ತರವೇ ಇಲ್ಲ. ಫೀ ಕಟ್ಟುವ ತನಕ ದಿನಾ ಫೋನ್ ಮಾಡುತ್ತಿದ್ದವರು ಇವರೇ! ತಪ್ಪು ಕೋಷ್ಟಕ ಇವತ್ತಿಗೂ ಹಾಗೇ ಇದೆ. ತನ್ನ ತಪ್ಪು ತಾನೇ ಹೇಳಿಕೊಳ್ಳುವ ಲೇಖಕರಿಗೆ ನಾವು ಕೈ ಮುಗಿಯಬೇಕು. ಬದಲಿಗೆ 'ಅವರ ಪೇಪರ್ ವಾಪಸ್ ಆಯಿತಂತೆ' ಅಂತ ಕ್ಯಾಂಟೀನಿನಲ್ಲಿ ಗುಸುಗುಸು ನಡೆಯುತ್ತದೆ. ವಾಪಸ್ ಆದದ್ದೆಲ್ಲ ಮೋಸವಲ್ಲ. ಲೆಕ್ಕ ತಪ್ಪಿರಬಹುದು, ಮಾದರಿ ಕೆಟ್ಟಿರಬಹುದು. ಸಣ್ಣ ತಪ್ಪಾದರೆ ತಿದ್ದುಪಡಿ ಸಾಕು. ಫಲಿತಾಂಶವನ್ನೇ ನಂಬಲಾಗದಿದ್ದರೆ ವಾಪಸ್ ಪಡೆಯಬೇಕು. ಹೇಗಾದರೂ, ಸುಮ್ನೆ ಅಳಿಸಿ ಮಾಯ ಮಾಡುವುದಲ್ಲ. ಲೇಖನ ಅಲ್ಲೇ ಇರಬೇಕು, ಯಾಕೆ ವಾಪಸ್ ಆಯಿತು ಅನ್ನುವುದೂ ಅದರ ಪಕ್ಕದಲ್ಲೇ ಇರಬೇಕು.

ಪರೀಕ್ಷಿಸಿ ನೋಡುವುದು ಈಗ ಕಷ್ಟವೇನಲ್ಲ. ವಾಪಸ್ ಆದ ಲೇಖನಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್ ಸಂಗ್ರಹಿಸಿದ ಪಟ್ಟಿಯನ್ನು 2023ರಲ್ಲಿ, ಲೇಖನಗಳ ವಿವರ ದಾಖಲಿಸುವ ಕ್ರಾಸ್‌ರೆಫ್ ಸಂಸ್ಥೆ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶದಲ್ಲಿ ಉಲ್ಲೇಖ ಸೇರಿಸಿದರೆ, ವಾಪಸ್ ಆದ ಲೇಖನವಿದ್ದರೆ ಅದೇ ಎಚ್ಚರಿಸುತ್ತದೆ. ಅದಕ್ಕೂ ದುಡ್ಡು ಬೇಡ.

ನಮ್ಮ ಭಾಗದ ವಿಶ್ವವಿದ್ಯಾಲಯಗಳು ಪ್ರಬಂಧ ಸಲ್ಲಿಸುವಾಗ ನಕಲು ಪರೀಕ್ಷೆಯ ವರದಿ ಕೇಳುತ್ತವೆ. ಅದರ ಜೊತೆಗೆ, ಉಲ್ಲೇಖಗಳಲ್ಲಿ ವಾಪಸ್ ಆದ ಲೇಖನ ಇದೆಯಾ ಎಂದು ನೋಡಿ ಗೈಡ್ ಸಹಿ ಹಾಕುವ ಒಂದು ಸಾಲನ್ನೂ ಸೇರಿಸಲಿ. ನೋಡಿಕೊಡುವ ಕೆಲಸಕ್ಕೆ ನಾವು ಗ್ರಂಥಪಾಲಕರು ಇದ್ದೇವೆ, ಕೇಳಿದರೆ ಸಾಕು.

– ಒಬ್ಬ ಗ್ರಂಥಪಾಲಕಿ, ಕಲಬುರಗಿ