ಪುಟ್ಟಿಗೆ, ದೊಡ್ಡಮ್ಮನ ವಿಷಯವಾಗಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಏನೇನು ಮಾತಾಯಿತು ಅಂತ ನಿನಗೂ ನೆನಪಿದೆ, ನನಗೂ ಇದೆ. ಅದನ್ನು ಮತ್ತೆ ಎತ್ತುವುದಿಲ್ಲ. ನಿನ್ನ ಕಾದಂಬರಿಯ ಎರಡನೇ ಮುದ್ರಣಕ್ಕೆ ತಿದ್ದುಪಡಿ ಇದ್ದರೆ ಈ ವಾರದೊಳಗೆ ಕೊಡಬೇಕು ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಚಿಂತಾಮಣಿಯ ಸೀಮಂತದಲ್ಲಿ ಆಗಿದ್ದನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಊಟಕ್ಕೆ ಎಲೆ ಹಾಕಿದ್ದರು. ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಎದುರು ಸಾಲಿನಲ್ಲಿದ್ದ ಒಬ್ಬಳು, ನಮ್ಮ ಕಡೆಯವಳೇ, ನಗುತ್ತಾ ತೆಲುಗಿನಲ್ಲಿ ಕೇಳಿದಳು, ಅಕ್ಕಾ, ಮಡಿಲಲ್ಲಿ ದಿನಕ್ಕೆ ಎಷ್ಟು ರೇಷ್ಮೆ ಗೂಡು ಬರ್ತಿತ್ತು ಅಂತ. ಸುತ್ತ ಇದ್ದವರೆಲ್ಲ ನಕ್ಕರು. ಅವರಲ್ಲಿ ನಿನ್ನ ಪುಸ್ತಕ ಓದಿದವರು ಇಬ್ಬರೋ ಮೂವರೋ, ಮಿಕ್ಕವರೆಲ್ಲ ಕೇಳಿ ತಿಳಿದವರು. ದೊಡ್ಡಮ್ಮ ಹೋಳಿಗೆ ಬಡಿಸುವ ಮುಂಚೆ ಎದ್ದುಬಿಟ್ಟಳು. ಬಸ್ಸಿನಲ್ಲಿ ಶಿಡ್ಲಘಟ್ಟದವರೆಗೂ ಒಂದು ಮಾತಿಲ್ಲ. ಅವಳು ಮಾತಾಡದೆ ಕೂತಿದ್ದನ್ನು ನೀನು ನೋಡಿದ್ದೀಯಾ? ನಾನು ನೋಡಿರಲಿಲ್ಲ.

ನೀನು ಏನು ಹೇಳುತ್ತೀಯ ಅಂತ ಗೊತ್ತು. ಅದು ದೊಡ್ಡಮ್ಮ ಅಲ್ಲ ಅಮ್ಮಾ, ಅದೊಂದು ಪಾತ್ರ. ಸರಿ. ಹಾಗಾದರೆ ಎಡಗಾಲು ಎಳೆದುಕೊಂಡು ನಡೆಯುವವಳು ಯಾರು? ಏನಾದರೂ ಕೆಟ್ಟದ್ದಾದಾಗ "ಆಗಿದ್ದು ಆಯ್ತು, ಅನ್ನ ಇಕ್ಕು" ಅನ್ನುವವಳು ಯಾರು? ಗಂಡ ಸತ್ತು ತಿಂಗಳು ತುಂಬುವ ಮುಂಚೆ ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಹೋಗಿ ಕೂತವಳು ಯಾರು? ಇಷ್ಟೂ ಅವಳದೇ. ಗೂಡು ಕದ್ದಿದ್ದು ಮಾತ್ರ ಬೇರೆ ಬೀದಿಯ ಹೆಂಗಸು. ಆ ಕಥೆಯನ್ನು ನಿನಗೆ ಹೇಳಿದವಳು ನಾನೇ, ನೀನು ಹೈಸ್ಕೂಲಿನಲ್ಲಿದ್ದಾಗ, ಹುರುಳಿಕಾಯಿ ಬಿಡಿಸುತ್ತಾ. ನೀನು ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿದೆ. ಕಾದಂಬರಿಗೆ ಅದು ಚೆನ್ನಾಗಿಯೇ ಒಗ್ಗಿದೆ, ಸುಳ್ಳು ಯಾಕೆ ಹೇಳಲಿ, ಆ ಪುಟ ಓದುವಾಗ ನನಗೇ ಗಂಟಲು ಕಟ್ಟಿತು. ಆದರೆ ನಮ್ಮ ಜನ ಕಾಲು ನೋಡಿ ಗುರುತು ಹಿಡಿದರು, ಕಳ್ಳತನವನ್ನೂ ತಂದು ಅದೇ ಕಾಲಿಗೆ ಕಟ್ಟಿದರು.

ನೀನು ಚರಕ ನೋಡಿಕೊಂಡೇ ಬೆಳೆದವಳು. ಒಂದು ಗೂಡಿನ ಎಳೆ ಸರಿಯಾಗಿ ಕಣ್ಣಿಗೂ ಕಾಣುವುದಿಲ್ಲ. ಎಂಟು ಹತ್ತು ಗೂಡಿನ ಎಳೆ ಒಟ್ಟಿಗೆ ಎಳೆದರೆ ಒಂದು ನೂಲು, ಆಮೇಲೆ ಯಾವುದು ಯಾವ ಗೂಡಿನದು ಅಂತ ಯಾರೂ ಹೇಳಲಾರರು. ನೀನು ಎರಡೇ ಗೂಡಿನಲ್ಲಿ ನೂಲು ತೆಗೆದುಬಿಟ್ಟೆ ಕಣೇ.

ಎಂ.ಕೆ. ಇಂದಿರಾ ಅವರನ್ನು ಅಡ್ಡ ತಂದೆಯಲ್ಲ, 'ಫಣಿಯಮ್ಮ' ಕೂಡ ನಿಜವಾದ ಹೆಂಗಸಿನ ಕಥೆಯೇ ಅಂತ. ಹೌದು. ಅವರ ಮನೆತನದ ಹಿರಿಯಾಕೆ, ಬಾಲವಿಧವೆ. ಆಕೆ ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡಿದ್ದು, ತಾಯಿಯಿಂದ ಮಗಳಿಗೆ ಬಂತು. ಆದರೆ ಫಣಿಯಮ್ಮ ತೀರಿಕೊಂಡಿದ್ದು 1952ರಲ್ಲಿ, ಪುಸ್ತಕ ಬಂದಿದ್ದು 1976ರಲ್ಲಿ. ಎದುರಿಗೆ ಕೂತು ಆಕೆಯನ್ನು ಕೆಣಕೋಣ ಅಂದರೂ ಆಕೆ ಇರಲಿಲ್ಲ. ದೊಡ್ಡಮ್ಮ ದಿನಾ ಬೆಳಿಗ್ಗೆ ಹಾಲು ತರೋಕೆ ಬೀದಿಗೆ ಇಳಿಯಬೇಕು. ಇನ್ನು ನಿಮ್ಮಪ್ಪನ ವಾದ ಬೇರೆ. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ, ಹಾಗಾಗಿ ಮುಳಬಾಗಿಲಿನ ಡಿವಿಜಿ ನಮ್ಮವರು, ಅವರು ಕಂಡವರ ಬಗ್ಗೆ ಹೆಸರು ಹಾಕಿಯೇ ಬರೆಯಲಿಲ್ಲವಾ ಅಂತಾರೆ. ಬರೆದರು. 'ಜ್ಞಾಪಕ ಚಿತ್ರಶಾಲೆ' ಅಂತ ಹೆಸರಿಟ್ಟು, ಇದು ನನ್ನ ನೆನಪು ಅಂತ ಹೇಳಿಯೇ ಬರೆದರು. ಹೆಸರು ಹಾಕಿದ ಮೇಲೆ ಇಲ್ಲದ್ದನ್ನು ಸೇರಿಸೋಕೆ ಕೈ ಹಿಂಜರಿಯುತ್ತದೆ. ಕಾದಂಬರಿ ಬರೆಯುವವರು ಹೆಸರು ಬದಲಾಯಿಸಿದ ಕೂಡಲೇ ಆ ಹಿಂಜರಿಕೆಯನ್ನೂ ಬಿಟ್ಟುಬಿಡುತ್ತೀರಿ. ಬರೆಯುವವಳಿಗೆ ಧೈರ್ಯ ಬೇಕು, ಒಪ್ಪಿದೆ, ಆದರೆ ಧೈರ್ಯದ ಬೆಲೆ ಯಾವಾಗಲೂ ಪಕ್ಕದಲ್ಲಿ ಕೂತವರೇ ಕೊಡಬೇಕಾದರೆ... ನೋಡು, ಉಪದೇಶ ಮಾಡಬಾರದು ಅಂದುಕೊಂಡೇ ಪೆನ್ನು ಹಿಡಿದಿದ್ದು.

ನಿನ್ನ ಮೇಲೆ ಹೆಮ್ಮೆ ಇಲ್ಲ ಅಂದುಕೊಳ್ಳಬೇಡ. ಲೈಬ್ರರಿಗೆ ಹೋಗಿದ್ದೆ, ನಿನ್ನ ಪುಸ್ತಕವನ್ನು ಯಾರೋ ತಗೊಂಡು ಹೋಗಿದ್ದರು. ಯಾರು ಅಂತ ಕೇಳಿದರೆ ಹೇಳಲಿಲ್ಲ. ನನ್ನ ಮಗಳು ಬರೆದಿದ್ದು ಅಂತ ಹೇಳಿ ಬಂದೆ, ಅವರೇನು ಕೇಳಿರಲಿಲ್ಲ. ನಿಮ್ಮಪ್ಪ ಒಂದು ಪ್ರತಿ ಗೂಡಿನ ಮಾರುಕಟ್ಟೆಗೆ ತಗೊಂಡು ಹೋಗಿ ಹರಾಜು ಮುಗಿಯುವವರೆಗೂ ಕಂಕುಳಲ್ಲಿ ಇಟ್ಟುಕೊಂಡಿದ್ದರಂತೆ, ಯಾರಾದರೂ ಏನದು ಅಂತ ಕೇಳಲಿ ಅಂತ.

ನಿನ್ನೆ ದೊಡ್ಡಮ್ಮ ತಾನಾಗಿಯೇ ಬಂದಳು. ಆ ಭಾಗ ಓದು, ಕೇಳೋಣ ಅಂದಳು. ಅವಳಿಗೆ ಬಸ್ಸಿನ ಬೋರ್ಡ್ ಓದುವಷ್ಟು ಓದು ಬರುತ್ತದೆ, ಪುಸ್ತಕ ಆಗುವುದಿಲ್ಲ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆ ಅಧ್ಯಾಯ ಪೂರ್ತಿ ಓದಿದೆ, ಒಂದು ಸಾಲೂ ಬಿಡಲಿಲ್ಲ, ಬಿಟ್ಟರೆ ಅವಳಿಗೆ ಗೊತ್ತಾಗುತ್ತಿತ್ತು. ಕುದಿಯುವ ನೀರಿನಲ್ಲಿ ಬೆರಳು ಅದ್ದಿ ಅದ್ದಿ ಚರ್ಮ ಬೆಳ್ಳಗೆ ಸುಲಿಯುವ ಜಾಗ ಬಂದಾಗ ತನ್ನ ಕೈ ನೋಡಿಕೊಂಡಳು. ಕೊನೆಗೆ ಅಂದಿದ್ದು ಇಷ್ಟು: "ಮಡಿಲಲ್ಲಿ ಯಾರು ಇಡ್ತಾರೆ? ಹೊರಗೆ ಬರುವಾಗ ಮಡಿಲು ಕೊಡವಿಸಿ ನೋಡ್ತಿದ್ರು. ಬುತ್ತಿ ಡಬ್ಬೀನ ಯಾರೂ ತೆಗೆಸ್ತಿರಲಿಲ್ಲ." ಕಾಫಿ ಕುಡಿದು ಹೋದಳು. ಅದು ಅವಳಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ನೀನೂ ಕೇಳಬೇಡ. ಕೇಳಿ ಬರೆಯೋಕಂತೂ ಹೋಗಲೇಬೇಡ.

ಕಾಲು ತೆಗೆದುಬಿಡು ಪುಟ್ಟಿ. ಕಾಲು, ಆ ಅನ್ನದ ಮಾತು, ಎರಡೇ. ಕಥೆಗೆ ಏನೂ ಆಗುವುದಿಲ್ಲ. ಆದರೆ ತೆಗೆಯುವ ಮುಂಚೆ ಅವಳಿಗೆ ಫೋನ್ ಮಾಡಿ ಕೇಳು, ಯಾಕಂದರೆ ಇರಲಿ ಬಿಡು ಅಂದರೂ ಅನ್ನಬಹುದು, ಅವಳ ಬುದ್ಧಿ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಎರಡು ಗಂಟೆ ಮೇಲೆ ಮಾಡಬೇಡ, ಮಲಗಿರುತ್ತಾಳೆ.

ಮುಂದಿನ ಕಾದಂಬರಿಗೆ ಅಂತ ನನ್ನ ಮದುವೆಗೆ ಮುಂಚೆ ಮುರಿದುಹೋದ ಸಂಬಂಧದ ಬಗ್ಗೆ ಕೇಳಿದ್ದೆ. ಹೇಳುತ್ತೇನೆ, ಆದರೆ ಬರೆದು ಕಳಿಸುವುದಿಲ್ಲ. ಹುಡುಗನ ಊರು ಗೌರಿಬಿದನೂರು ಅಂತ ಹಾಕಬಾರದು. ನೀನು ಬಂದಾಗ, ನಿಮ್ಮಪ್ಪ ಮಾರುಕಟ್ಟೆಗೆ ಹೊರಟ ಮೇಲೆ ನೆನಪು ಮಾಡು.

ಅಮ್ಮ